ಬಾಗಿಲಲ್ಲಿ ಹೇಳುವ ಹೆಸರು

ನವೆಂಬರ್ 3

ಮೊದಲಿಗೆ ಕ್ಷಮೆ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಬಹುಶಃ ಈ ಪುಸ್ತಕವನ್ನೇ. ಇದನ್ನು ಕೊಂಡದ್ದು ಕೆಮಿಸ್ಟ್ರಿ ಪ್ರಾಕ್ಟಿಕಲ್‌ಗೆ. ನಮ್ಮ ಬೋರ್ಡಿಂಗ್ ಶಾಲೆಯಲ್ಲಿ ಡೈರಿ ಬರೆಯುವುದು ತಪ್ಪಾಗಿರಲಿಲ್ಲ, ಆದರೆ ಮ್ಯಾಟ್ರನ್ ಅದನ್ನು ಓದುತ್ತಿದ್ದರು, ಓದಿ ಸ್ಪೆಲ್ಲಿಂಗ್ ತಿದ್ದುತ್ತಿದ್ದರು. ಅಲ್ಲಿ ಏಳು ವರ್ಷ ಬೆಳೆದವಳಿಗೆ ತನಗೋಸ್ಕರ ಎರಡು ಸಾಲು ಬರೆದರೂ ಬೆನ್ನ ಹಿಂದೆ ಯಾರೋ ನಿಂತಂತೆ ಅನಿಸುತ್ತದೆ. ಅದಕ್ಕೇ ಕನ್ನಡ. ಇಲ್ಲಿ ಪುಣೆಯಲ್ಲಿ ನನ್ನ ಕ್ಲಾಸಿನವರು ಯಾರೂ ಇದನ್ನು ಓದಲಾರರು. ನನ್ನ ಕನ್ನಡ ಅರ್ಧ ಇಂಗ್ಲಿಷು. ಅದಕ್ಕೂ ಕ್ಷಮೆ.

ಬರೆಯುವುದಕ್ಕೆ ಕಾರಣ ಭಯ. ನನಗೆ ಒಂದು ಕೆಲಸ ಒಪ್ಪಿಸಿದ್ದಾರೆ.

ಅಪ್ಪ ಸೈನ್ಯದಲ್ಲಿ, ಅಮ್ಮ ಅವರ ಜೊತೆ ಅಸ್ಸಾಮಿನಲ್ಲಿ. ಕಾಲೇಜು ಶುರುವಾದಾಗಿನಿಂದ ನಾನು ಧನಕವಡಿಯಲ್ಲಿ ಶಿವಕಾಂತಾ ಅತ್ತೆಯ ಮನೆಯಲ್ಲಿದ್ದೇನೆ. ಅತ್ತೆ ಅಪ್ಪನ ಅಕ್ಕ. ಮಾವ ಈ ಮಾರ್ಚಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅತ್ತೆ ಗ್ರೌಂಡ್ ಫ್ಲೋರಿನ ಈ ಫ್ಲ್ಯಾಟಿನ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ನಿನ್ನೆ ತುಳಸಿ ಲಗ್ನ ಮುಗಿಯಿತು, ಮದುವೆಗಳ ಸೀಸನ್ ಶುರು. ಕೋಣೆಯ ತುಂಬ ಬೇರೆಯವರ ಮನೆಯ ಮದುಮಕ್ಕಳ ಪೈಠಣಿ, ಇಳಕಲ್ ಸೀರೆಗಳು. ಹೋದ ವಾರ ಅತ್ತೆ ಮಾರ್ಕೆಟ್ಟಿಗೆ ಹೋದಾಗ ಯಾರೋ ಆ ಕೋಣೆಯ ಕಿಟಕಿಯ ಗ್ರಿಲ್ ಬಗ್ಗಿಸಿದ್ದಾರೆ. ಏನೂ ಹೋಗಿಲ್ಲ. ಆದರೆ ಸುದ್ದಿ ಗುಜರಾತಿಗೆ ಹೋಗಿದೆ.

ಗುಜರಾತಿನ ಸಾಣಂದಿನಲ್ಲಿ ಅತ್ತೆಯ ಮಗ ವಿಕ್ರಮಣ್ಣ ಕಾರು ಫ್ಯಾಕ್ಟರಿಯಲ್ಲಿದ್ದಾನೆ. ಇವತ್ತು ನನಗೆ ಫೋನ್ ಮಾಡಿದ.

"ಪೂರ್ವಾ, ನೀ ಓದಿದಾಕಿ. ಅಲಾರ್ಮ್ ಹಚ್ಚಿಸು, ಕಂಟ್ರೋಲ್ ರೂಮಿನವರ ಹಂತ್ಯಾಕ ಅಕೌಂಟ್ ತಗಸು. ಅವರು ಹಗಲೂ ರಾತ್ರಿ ನೋಡ್ತಿರತಾರ. ಆಗಂಗಿಲ್ಲಂದ್ರ ಸೀದಾ ಹೇಳು, ನಾ ಬಂದು ಮಶೀನ್ ಮಾರಿ, ಅವ್ವನ್ನ ಇಲ್ಲಿಗೆ ಕರ್ಕೊಂಡು ಹೋಗ್ತೀನಿ."

ಅತ್ತೆ ಪಕ್ಕದಲ್ಲೇ ಇದ್ದರು. ಫೋನಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದರು: "ಸಾಣಂದಕ್ಕ ಹೋಗಿ ನಾ ಏನ್ ಮಾಡ್ಲಿ? ಗುಜರಾತಿ ಹೆಣಮಕ್ಕಳಿಗೆ ಜಂಪರ್ ಹೊಲೀಲೇನು? ಅವರ ಅಳತಿ ಹೇಳೂದರ ನನಗ ತಿಳೀತದೇನು?"

ನಾನು ಮಾಡುತ್ತೇನೆ ಎಂದೆ. ನನಗೂ ಒಂದು ಸ್ವಾರ್ಥವಿದೆ. ಕಾಲೇಜಿನ ಹಾಸ್ಟೆಲಿಗೆ ಅರ್ಜಿ ಹಾಕಿ ಕಾಯುತ್ತಿದ್ದೇನೆ. ನನಗೆ ಬರುವುದು ಹಾಸ್ಟೆಲಿನ ಬದುಕೊಂದೇ. ಬೆಲ್ಲು ಹೊಡೆದರೆ ಏಳುವುದು, ಬೆಲ್ಲು ಹೊಡೆದರೆ ಉಣ್ಣುವುದು. ಮನೆಯಲ್ಲಿ ಬೆಲ್ಲೇ ಇಲ್ಲ. ಫ್ರಿಜ್ ತೆಗೆಯಬೇಕಾದರೆ ಈಗಲೂ "ತೆಗೀಲೇನ್ರಿ ಅತ್ತಿ?" ಎಂದು ಕೇಳುತ್ತೇನೆ. ಅಲಾರ್ಮ್ ಬಂದರೆ ನನ್ನ ಜಾಗಕ್ಕೆ ಅದಿರುತ್ತದೆ, ನಾನು ನಿಶ್ಚಿಂತೆಯಿಂದ ಹೋಗಬಹುದು. ಸೂಟ್‌ಕೇಸ್ ಹೇಗೂ ಕಟ್ಟಿದ್ದು ಕಟ್ಟಿದಂತೆಯೇ ಮಂಚದ ಕೆಳಗಿದೆ. ಟೂತ್‌ಬ್ರಷ್ ಕೂಡ ಪ್ರಯಾಣದ ಪೌಚಿನಲ್ಲೇ.

ಬಾಗಿಲ ಚಿಲಕ ನೋಡಿ ಬಂದೆ. ಇನ್ನೊಮ್ಮೆ ನೋಡಬೇಕು.

ನವೆಂಬರ್ 5

ಅಲಾರ್ಮ್ ಕೂಡಿಸಲು ಬಂದವರ ಹೆಸರು ದೇವಾನಂದ, ಕಲಬುರ್ಗಿ ಕಡೆಯವರು. ಮರಾಠಿಯಲ್ಲೇ ಶುರು ಮಾಡಿದ್ದರು. ಒಳಗಿನಿಂದ ಅತ್ತೆ ನನ್ನನ್ನು ಕೂಗಿದ್ದು ಕೇಳಿ ಏಣಿಯ ಮೇಲಿಂದಲೇ "ಯಕ್ಕಾ, ನಮ್ಮವರೇನ್ರಿ!" ಎಂದರು. ಅಲ್ಲಿಂದ ಒಂದು ಸೆನ್ಸರಿಗೆ ಒಂದು ಚಹಾ.

ಕಿಟಕಿಗೆ ಒಂದು, ಬಾಗಿಲಿಗೆ ಒಂದು, ಕೋಣೆಯ ಮೂಲೆಯಲ್ಲಿ ಒಂದು ಬಿಳಿಯ ಕಣ್ಣು. ಅಂಕಿ ಒತ್ತುವ ಪ್ಯಾನೆಲ್ಲನ್ನು ಬಾಗಿಲ ಎದುರು, ಮಾವನ ಫೋಟೋ ಇರುವ ಗೋಡೆಗೆ ಹಾಕಬೇಕೆಂದರು.

"ಇವರ ಫೋಟೋ ಸರಸಬ್ಯಾಡ್ರಿ," ಎಂದರು ಅತ್ತೆ. "ಬಾಜೂಕ ಹಾಕ್ರಿ. ಕಾಯೂದು ಇಬ್ಬರೂ ಕೂಡೇ ಕಾಯಲಿ."

ದೇವಾನಂದ ವಿವರಿಸಿದರು. ಹೊರಗೆ ಹೋಗುವಾಗ ನಾಲ್ಕು ಅಂಕಿ ಒತ್ತಿ ಹೋಗಬೇಕು. ಬಂದಾಗ ಬಾಗಿಲು ತೆರೆದ ಕೂಡಲೇ ಪೀಂ ಪೀಂ ಎನ್ನುತ್ತದೆ, ಅರ್ಧ ನಿಮಿಷದೊಳಗೆ ಮತ್ತೆ ಅಂಕಿ ಒತ್ತಬೇಕು. ಇಲ್ಲದಿದ್ದರೆ ಸೈರನ್.

"ಅರ್ಧ ನಿಮಿಷದಾಗ ಚಪ್ಪಲಿ ಬಿಟ್ಟು, ಕಾಲ್ ತೊಳಕೊಂಡು ಬರೂದಾಗತದೇನ್ರಿ?"

"ಮೊದಲ ನಂಬರ್ ಒತ್ರಿ ಯಕ್ಕಾ, ಆಮ್ಯಾಲ ಕಾಲ್ ತೊಳೀರಿ."

"ಬೀದಿ ಕಾಲ್ಲೆ ಒಳಗ ಬಂದು, ಫೋಟೋದ ಮುಂದ ನಿಂತು, ನಿಮ್ಮ ಡಬ್ಬಿ ಒತ್ತಲೇನು?"

"ಕಳ್ಳರು ಕಾಲ್ ತೊಳಕೊಂಡು ಬರಂಗಿಲ್ರಿ. ಅದಕ್ಕ ಈ ಡಬ್ಬಿಗಿ ಆ ಪದ್ಧತಿ ಗೊತ್ತಿಲ್ಲ."

ಅತ್ತೆ ಬಿದ್ದು ಬಿದ್ದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ.

ನವೆಂಬರ್ 6

ಅಕೌಂಟ್. ಎಲ್ಲವೂ ಇಂಗ್ಲಿಷಿನಲ್ಲಿ, ಆದ್ದರಿಂದ ನನ್ನ ಪಾಲಿಗೆ ಸುಲಭವಾಗಬೇಕಿತ್ತು. ಬೆವರಿದೆ.

ಒಟಿಪಿ ಅತ್ತೆಯ ಫೋನಿಗೆ ಬಂತು. ಅತ್ತೆ ಯಾರದೋ ಭುಜದ ಅಳತೆ ತೆಗೆಯುತ್ತಿದ್ದರು. ಮೆಸೇಜ್ ಓದಿ ನನ್ನತ್ತ ನೋಡಿ, "ಯಾರಿಗೂ ಹೇಳಬ್ಯಾಡ ಅಂತ ಬರದಾರಲ್ಲ, ನಿನಗ ಹ್ಯಾಂಗ ಹೇಳ್ಲಿ?" ಎಂದರು. ಅಷ್ಟರಲ್ಲಿ ಅದರ ಅವಧಿ ಮುಗಿಯಿತು. ಮುಂದಿನದನ್ನು ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿ ಹೇಳಿದರು.

ಅಕೌಂಟ್ ಅತ್ತೆಯ ಹೆಸರಿನಲ್ಲಿ. ಸೈರನ್ ಹೊಡೆದರೆ ಮೊದಲ ಫೋನ್ ಅತ್ತೆಗೆ, ಆಮೇಲೆ ವಿಕ್ರಮಣ್ಣನಿಗೆ, ಕೊನೆಗೆ ನನಗೆ. ಈ ಮನೆಗೂ ನಿಮಗೂ ಏನು ಸಂಬಂಧ ಎಂದು ಪ್ರತಿ ಹೆಸರಿನ ಮುಂದೆ ಕೇಳುತ್ತದೆ: ಮಾಲೀಕರು, ಕುಟುಂಬ, ಬಾಡಿಗೆದಾರ, ತಾತ್ಕಾಲಿಕ. ನನ್ನ ಮುಂದೆ ತಾತ್ಕಾಲಿಕ ಎಂದು ಒತ್ತಿದೆ. ಅದೇ ಸತ್ಯ.

ಕೊನೆಯದು ಗುರುತಿನ ಪದ. ಸೈರನ್ ಆದ ಮೇಲೆ ಕಂಟ್ರೋಲ್ ರೂಮಿನವರು ಫೋನ್ ಮಾಡಿ ಕೇಳುತ್ತಾರೆ, ಆ ಪದವನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮನೆಯವರು. ಹೇಳದಿದ್ದರೆ ಒಳಗಿರುವವನು ಕಳ್ಳ, ಅಥವಾ ಕಳ್ಳನ ಚಾಕುವಿನ ಮುಂದೆ ಕುಳಿತ ಮನೆಯವರು. ಗಾರ್ಡುಗಳು ಹೊರಡುತ್ತಾರೆ. 'ಗಾಬರಿಯಲ್ಲೂ ಮರೆಯದಂಥ ಪದ ಆರಿಸಿ' ಎಂದಿತ್ತು.

"ಅತ್ತಿ, ಎಂಥಾ ಗಾಬರಿ ಆದ್ರೂ ನೀವು ಮರೀದ ಶಬ್ದ ಯಾವದ್ರಿ?"

ಬಾಯಲ್ಲಿ ಟಾಚಣಿ, ಅಂದರೆ ಗುಂಡುಸೂಜಿ, ಕಚ್ಚಿಕೊಂಡಿದ್ದರು. "ನಿನ್ನ ತಲಿ," ಎಂದರು.

ನಾನೇ ಯೋಚಿಸಿದೆ. ಗೋಡೆಯ ಮೇಲೆ ಮಾವ ನಗುತ್ತಿದ್ದರು. 'ಏಕನಾಥ' ಎಂದು ಟೈಪ್ ಮಾಡಿ ಅತ್ತೆಗೆ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಟಾಚಣಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದರು.

"ಆತು," ಎಂದರು.

ಒಳ್ಳೆಯ ಪದ ಆರಿಸಿದೆ ಎಂದು ನನಗೆ ಹೆಮ್ಮೆ. ಇವತ್ತು ಮೊದಲ ಬಾರಿಗೆ.

ನವೆಂಬರ್ 7

'ಪರಿಶೀಲನೆಯಲ್ಲಿದೆ' ಎಂದು ತೋರಿಸುತ್ತಿದೆ. ಲೆಕ್ಚರಿನ ನಡುವೆ ಮತ್ತೆ ಮತ್ತೆ ತೆಗೆದು ನೋಡಿದೆ. ಪಿನ್‌ಕೋಡ್ ತಪ್ಪು ಹಾಕಿದೆನೇ?

ನವೆಂಬರ್ 11

ಚಾಲೂ ಆಯಿತು! ಕಂಟ್ರೋಲ್ ರೂಮಿನಿಂದ ಹರ್ಷದಾ ಎನ್ನುವವರು ಪರೀಕ್ಷೆಗೆಂದು ಕರೆ ಮಾಡಿದರು. ಅತ್ತೆ ಫೋನನ್ನು ನನ್ನ ಕೈಗೆ ತುರುಕಿ ಅಡುಗೆಮನೆಗೆ ಹೋಗಿಬಿಟ್ಟರು. ಪದ ನಾನೇ ಹೇಳಿದೆ. "ಥ್ಯಾಂಕ್ ಯೂ ಮ್ಯಾಡಮ್, ಖಾತೆ ಸಕ್ರಿಯ ಝಾಲಂ," ಎಂದರು. ನನ್ನನ್ನು ಯಾರೂ ಈವರೆಗೆ ಮ್ಯಾಡಮ್ ಎಂದಿರಲಿಲ್ಲ.

ಅತ್ತೆ ಸಿಹಿ ಎಂದು ಮಾದಲಿ ಮಾಡಿದರು. ಇನ್ನಷ್ಟು ಹಾಕಿಕೊಳ್ಳಲೇ ಎಂದು ಕೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ತಟ್ಟೆಯಲ್ಲಿ ಎರಡನೇ ಸಲ ಬಿದ್ದಾಗಿತ್ತು.

ನವೆಂಬರ್ 15

ಎಲ್ಲ ಹಾಳಾಯಿತು.

ಅತ್ತೆ ಲೇಸು, ಬ್ಲೌಸಿನ ಒಳಗೆ ಹಾಕುವ ಅಸ್ತರು ತರಲು ಕ್ಯಾಂಪ್ ಪೇಟೆಗೆ ಹೋಗಿದ್ದರು. ನಾನು ಕಾಲೇಜಿನಲ್ಲಿದ್ದೆ. ಅತ್ತೆ ವಾಪಸು ಬಂದು ಬಾಗಿಲು ತೆರೆದಿದ್ದಾರೆ, ಅದು ಪೀಂ ಪೀಂ ಎಂದಿದೆ, "ಬಂದೆ ತಡಿಯಪ್ಪಾ" ಎಂದು ಅದಕ್ಕೇ ಹೇಳಿ, ಅಂಗಳದ ನಲ್ಲಿಗೆ ಹೋಗಿ ಕಾಲು ತೊಳೆದಿದ್ದಾರೆ. ಸೈರನ್. ಪಕ್ಕದ ಮನೆಯ ವಸಂತಿ ಮೌಶಿ ಲಟ್ಟಣಿಗೆ ಹಿಡಿದು ಓಡಿಬಂದರಂತೆ. ಉಳಿದದ್ದನ್ನು ನನಗೆ ಹೇಳಿದವರು ಅವರೇ.

ಕಂಟ್ರೋಲ್ ರೂಮಿನ ಫೋನ್ ಬಂತು. ಪದ ಕೇಳಿದರು. ಅತ್ತೆ ಹೇಳಲಿಲ್ಲ.

"ನಾ ಮನ್ಯಾಕಿನೇ ಇದ್ದೀನ್ರಿ ಅಂತ ಹತ್ತು ಸಲ ಅಂದ್ರು," ಎಂದರು ವಸಂತಿ ಮೌಶಿ. "ಅವರು ವರ್ಡ್ ಹೇಳ್ರಿ ಅಂದ್ರು. ಶಿವಕ್ಕ ಫೋಟೋದ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು, ಬಾಯಿ ತೆಗದ್ರು, ಮುಚ್ಚಿದ್ರು. ಫೋನ್ ಇಟ್ಟೇಬಿಟ್ರು."

ಲಾಠಿ ಹಿಡಿದ ಇಬ್ಬರು ಗಾರ್ಡುಗಳು ಬಂದರು. ಬಿಲ್ಡಿಂಗಿನವರೆಲ್ಲ ಸೇರಿದರು. ಅದೇ ಹೊತ್ತಿಗೆ ಬಂದಿದ್ದ ಮದುಮಗಳ ತಾಯಿಯೊಬ್ಬರು, ಇಲ್ಲಿ ಕಳ್ಳರ ಕಾಟ ಬಹಳ ಎಂದುಕೊಂಡು, ತಮ್ಮ ಸೀರೆಯನ್ನು ಹೊಲಿಸದೆಯೇ ಮಡಿಚಿಕೊಂಡು ಹೋದರು.

ಸಂಜೆ ಕಂಪನಿಯ ಮೇಲ್ ಬಂತು. ಒಮ್ಮೆ ಗುರುತು ವಿಫಲವಾದ್ದರಿಂದ ಮುಂದಿನ ಸಲ ಖಾತೆದಾರರೇ ಸ್ವತಃ ಪದ ಹೇಳಬೇಕು, ಬೇರೆಯವರು ಹೇಳಿದರೆ ನಡೆಯದು. ಮತ್ತೆ ತಪ್ಪಿದರೆ ಸೇವೆ ಬಂದ್. ಅದರ ಪ್ರತಿ ವಿಕ್ರಮಣ್ಣನಿಗೂ ಹೋಗಿತ್ತು.

"ಇನ್ನೊಮ್ಮೆ ಹಿಂಗಾತಂದ್ರ ನಾ ಟೆಂಪೋ ತಗೊಂಡೇ ಬರ್ತೀನಿ," ಎಂದ. "ಒಂದು ಶಬ್ದ ನೆನಪಿರಂಗಿಲ್ಲಂದ್ರ ಅವ್ವ ಒಬ್ಬಾಕಿನೇ ಹ್ಯಾಂಗ ಇರ್ತಾಳ?"

ಒಬ್ಬರೇ ಅಲ್ಲ, ನಾನಿದ್ದೇನೆ ಎಂದು ಬಾಯಿಗೆ ಬಂದಿತ್ತು. ನಾನು ತಾತ್ಕಾಲಿಕ. ಹೇಳಲಿಲ್ಲ.

ಅತ್ತೆ ಮರೆತಿದ್ದಾರೆ ಎಂದುಕೊಂಡು ಆ ಪದವನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಪ್ಯಾನೆಲ್ಲಿನ ಕೆಳಗೆ ಅಂಟಿಸಿದೆ. ಊಟ ಮಾಡಿ ಬಂದು ನೋಡಿದರೆ ಚೀಟಿ ಇಲ್ಲ.

ನವೆಂಬರ್ 16

ಇವತ್ತು ಕಾಲೇಜಿಗೆ ಹೋಗಲಿಲ್ಲ. ಅತ್ತೆ ಮಶೀನಿನ ಮುಂದೆ ಕುಳಿತಿದ್ದರು, ತುಳಿಯುತ್ತಿರಲಿಲ್ಲ. ನಾನು ಗುಂಡಿ ಹಚ್ಚಲು ಪಕ್ಕದಲ್ಲಿ ಕುಳಿತೆ.

"ಪೂರ್ವಿ, ಆ ಶಬ್ದ ನಾ ಮರತಿಲ್ಲ."

"ಮತ್ತ?"

"ಇವರ ಹೆಸರು ನಾ ಒಮ್ಮೆನೂ ಬರೇ ಬಾಯಿಲೆ ತಗೊಂಡಿಲ್ಲವಾ. ಗಂಡನ ಹೆಸರು ತಗೋಬಾರದು, ಆಯುಷ್ಯ ಕಡಿಮಿ ಆಗತದ ಅಂತಿದ್ರು ನಮ್ಮ ಅತ್ತಿ. ರೇಷನ್ ಆಫೀಸಿನ್ಯಾಗ ಕೇಳಿದ್ರ ವಿಕ್ಯಾನ್ನ ಮುಂದ ದೂಡ್ತಿದ್ದೆ. ಆ ದಿನ ದವಾಖಾನಿಯಾಗೂ ನರ್ಸಬಾಯಿಗೆ ಅಂಗೈ ಮ್ಯಾಲ ಬರದು ತೋರಿಸಿದೆ."

ನಾನು ಯೋಚಿಸಿದೆ. ನಿಜ. ನಾಲ್ಕು ತಿಂಗಳಿಂದ ಇಲ್ಲಿದ್ದೇನೆ. ಅತ್ತೆಗೆ ಮಾವ ಯಾವಾಗಲೂ 'ಇವರು', 'ವಿಕ್ಯಾನ ಅಪ್ಪ', ಬಹಳ ಸಿಟ್ಟು ಬಂದರೆ 'ಆ ಪುಣ್ಯಾತ್ಮ'. ಕಿವಿಗೆ ಬಿದ್ದಿತ್ತು, ಕೇಳಿಸಿಕೊಂಡಿರಲಿಲ್ಲ. ಹಾಸ್ಟೆಲಿನಲ್ಲಿ ಗಂಡಂದಿರೂ ಇರಲಿಲ್ಲ, ಅತ್ತೆಯರೂ ಇರಲಿಲ್ಲ. ಇದೆಲ್ಲ ಯಾರು ಕಲಿಸಬೇಕು?

"ಹಂಗಾದ್ರ ಮಾಮಾನ್ನ ಹ್ಯಾಂಗ ಕರೀತಿದ್ರಿ?"

"ಬಳಿ ಸಪ್ಪಳ ಮಾಡ್ತಿದ್ದೆ. ಹಿಂಗ," ಎಂದು ಕೈ ಅಲ್ಲಾಡಿಸಿದರು. ಸಪ್ಪಳವಾಗಲಿಲ್ಲ. ಕೈಯನ್ನು ಮಡಿಲಿಗೆ ತೆಗೆದುಕೊಂಡರು.

ಹಾಸ್ಟೆಲಿನ ಡಿಬೇಟಿನಲ್ಲಿ ಇಂಥ ವಿಷಯಕ್ಕೆ ನಾನು ಬಹುಮಾನ ಪಡೆದವಳು. ಮೂಢನಂಬಿಕೆ, ಸಮಾನತೆ, ಎಲ್ಲ ಪಾಯಿಂಟುಗಳೂ ನಾಲಗೆಯ ತುದಿಯಲ್ಲಿದ್ದವು. ಆಯುಷ್ಯ ಕಡಿಮೆಯಾಗುವುದಕ್ಕೆ ಈಗ ಯಾರಿದ್ದಾರೆ ಎಂದೂ ಕೇಳಬಹುದಿತ್ತು. ಸೂಜಿಗೆ ದಾರ ಪೋಣಿಸಿ ಅವರ ಕೈಗೆ ಕೊಟ್ಟೆ.

"ಒಮ್ಮೆನೂ ಹೇಳಿಲ್ಲ ಅಂತಲ್ಲ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಒಡಪಿನ್ಯಾಗ ಹೇಳೀನಿ. ಎರಡು ಸಾಲಿನ ಹಾಡಿನಂಗ ಕಟ್ಟಿ, ನಡುವ ಹೆಸರು ಹೊಂದಿಸಿ ಹೇಳಿದ್ರ ದೋಷಿಲ್ಲ. ಲಗ್ನಾಗಿ ಬಂದ ದಿನ ಇವರ ತಂಗ್ಯಾರು ಬಾಗಿಲಾಗ ಅಡ್ಡ ನಿಂತ್ರು. ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ. ನಾ ಹತ್ತೊಂಬತ್ತರಾಕಿ. ಹೊಟ್ಟಿ ಹಸದಿತ್ತು, ಸೀರಿ ಜಾರ್ತಿತ್ತು."

"ಹೇಳಿದ್ರಾ?"

"ಹೇಳದ ಒಳಗ ಬಿಡ್ತಿದ್ರೇನು ಅವರು!" ಅತ್ತೆಯ ಮುಖ ಒಂದು ಗಳಿಗೆ ಹತ್ತೊಂಬತ್ತರದ್ದೇ ಆಯಿತು. "ನಾನೇ ಕಟ್ಟಿದ್ದೆ. ಇವರು ಹಿಂದ ನಿಂತು ಕಿವಿ ಕೆಂಪಗ ಮಾಡ್ಕೊಂಡಿದ್ರು."

"ಈಗ ಹೇಳ್ರಿ ಅತ್ತಿ, ನಾ ಕೇಳ್ತೀನಿ."

"ಒಡಪು ಮುತ್ತೈದ್ಯಾರು ಹೇಳೂದವಾ. ಇನ್ನ ನನಗ ಯಾರು ಕೇಳ್ತಾರ?" ಮಶೀನು ಶುರುವಾಯಿತು.

ಮಧ್ಯಾಹ್ನವೇ ಪದ ಬದಲಾಯಿಸಲು ಕಂಪನಿಗೆ ಬರೆದೆ. ಹೊಸ ಪದ: ಕತ್ತರಿ.

ನವೆಂಬರ್ 18

ಬದಲಾವಣೆ 'ಪ್ರಕ್ರಿಯೆಯಲ್ಲಿದೆ', ಒಂದೆರಡು ವಾರ ಬೇಕಾಗಬಹುದು ಎಂದಿದ್ದಾರೆ. ಅಲ್ಲಿಯವರೆಗೆ ಹಳೆಯದೇ. ಅಷ್ಟು ದಿನ ಸೈರನ್ ಹೊಡೆಯದಿದ್ದರೆ ಸಾಕು. ಅತ್ತೆಗೆ ಹೊರಗಿನ ಕೆಲಸವೇ ಬೇಡವೆಂದು ಕ್ಯಾಂಪಿನ ಓಡಾಟ ನಾನು ಮಾಡುತ್ತಿದ್ದೇನೆ. ಇವತ್ತು ಅಸ್ತರಿನ ಅಂಗಡಿಯವನ ಜೊತೆ ಮರಾಠಿಯಲ್ಲಿ ಜಗಳವಾಡಿ ಸರಿಯಾದ ಬಣ್ಣ ತಂದೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು, "ನೀ ಇದರಾಗ ಪಾಸ್ ಆದಿ ನೋಡು, ಕೆಮಿಸ್ಟ್ರಿ ಹಾಳಾಗಿ ಹೋಗಲಿ," ಎಂದರು.

ನವೆಂಬರ್ 20

ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆ. ಇಪ್ಪತ್ತೈದರೊಳಗೆ ಹಾಜರಾಗಬೇಕು. ಎರಡನೇ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ. ನಾನು ಕೇಳಿದ್ದೇ ಅದು.

ಅತ್ತೆಗೆ ನಾಳೆ ಹೇಳುತ್ತೇನೆ. ಇವತ್ತು ಅವರು ವಸಂತಿ ಮೌಶಿಯ ಮಗಳು ಅಂಬಾಳ ಮದುವೆಯ ಬ್ಲೌಸಿನ ತೋಳಿಗೆ ನವಿಲು ತೆಗೆಯುತ್ತಿದ್ದಾರೆ, ಒಂದು ಗರಿ ಹೆಚ್ಚುಕಡಿಮೆಯಾದರೂ ಬಿಚ್ಚಬೇಕು.

ನವೆಂಬರ್ 22

ಹೇಳಿಲ್ಲ. ನವಿಲು ಮುಗಿದಿಲ್ಲ.

ನವೆಂಬರ್ 23

ನಿಧಾನವಾಗಿ ಬರೆಯಬೇಕು. ಒಂದೂ ಬಿಡಬಾರದು.

ಮಧ್ಯಾಹ್ನ ವಸಂತಿ ಮೌಶಿಯ ಮನೆಯಲ್ಲಿ ಅಂಬಾಳಿಗೆ ಬಳೆ ಇಡಿಸುವ ಕಾರ್ಯ. ಅತ್ತೆ ಹೋಗಲು ಮನಸ್ಸು ಮಾಡಲಿಲ್ಲ. ಮೌಶಿಯೇ ಬಂದು "ನೀವು ಆಗಲೇ ಹೊಲದ ಕೊಟ್ಟ ಹಸರ ಜಂಪರ್ ಹಾಕ್ಕೊಂಡು ಕೂಡ್ತಾಳ, ನೀವೇ ಬರಲಿಲ್ಲಂದ್ರ ಹ್ಯಾಂಗ್ರಿ?" ಎಂದು ಎಳೆದುಕೊಂಡು ಹೋದರು. ನಾನು ಅಂಕಿ ಒತ್ತಿ, ಬಾಗಿಲು ಹಾಕಿ ಹಿಂದೆ ಹೋದೆ.

ಬಳೆಗಾರ ಹಸಿರು ಬಳೆ ಏರಿಸುತ್ತಿದ್ದ. ಆಮೇಲೆ ಹೆಂಗಸರೆಲ್ಲ ಸುತ್ತ ಕುಳಿತು ಒಬ್ಬೊಬ್ಬರಾಗಿ ಒಡಪು ಹೇಳತೊಡಗಿದರು. ಈಗ ನನಗೆ ಅರ್ಥವಾಗುತ್ತಿತ್ತು. ಒಬ್ಬಾಕೆ ಗಂಡನ ಹೆಸರನ್ನು ಬದನೆಕಾಯಿಯ ಜೊತೆ ಹೊಂದಿಸಿದಳು, ಇನ್ನೊಬ್ಬಳು ಸ್ವಾರಗೇಟಿನ ಬಸ್ಸಿನ ಜೊತೆ. ನಕ್ಕು ನಕ್ಕು ಸಾಕಾಯಿತು. ಒಬ್ಬಳು ನಡುವೆ ತಡವರಿಸಿದಾಗ ಅತ್ತೆಯೇ ಮುಂದಿನ ಸಾಲು ಪಿಸುಗುಟ್ಟಿದರು.

ಹೇಳುತ್ತ ಹೇಳುತ್ತ ಸರದಿ ಅತ್ತೆಯ ತನಕ ಬಂತು. ಅವರ ಪಕ್ಕದವರು ಮುಗಿಸಿದ್ದರು. ವಸಂತಿ ಮೌಶಿ ಎದ್ದು ಅತ್ತೆಯ ಕೈಗೆ ಅವಲಕ್ಕಿ ಚೂಡಾ, ಲಾಡುವಿನ ಪ್ಲೇಟು ಕೊಟ್ಟು, "ಶಿವಕ್ಕಾ, ನೀವು ತಗೋರಿ, ಮುಂಜಾನಿಂದ ಏನೂ ತಿಂದಿಲ್ಲ," ಎಂದು ಅತ್ಯಂತ ಪ್ರೀತಿಯಿಂದ ಹೇಳಿದರು. ಸರದಿ ನನ್ನ ಆಚೆಯ ಹೆಂಗಸಿಗೆ ಹೋಯಿತು. ಅತ್ತೆ ಪ್ಲೇಟು ಹಿಡಿದು ನಗುತ್ತಲೇ ಇದ್ದರು. ಅದರಿಂದ ಒಂದು ಕಾಳನ್ನೂ ತೆಗೆದುಕೊಳ್ಳಲಿಲ್ಲ.

ವಾಪಸು ಬಂದೆವು. ನಾನೇ ಬೀಗ ತೆಗೆದೆ. ನನ್ನ ತಲೆಯಲ್ಲಿ ಆ ಪ್ಲೇಟೇ ಇತ್ತು. ಪೀಂ ಪೀಂ ಎಂದದ್ದು ದೂರದಲ್ಲೆಲ್ಲೋ ಕೇಳಿದಂತಿತ್ತು. ಅತ್ತೆಗೆ ಕುಡಿಯಲು ನೀರು ತರೋಣವೆಂದು ಸೀದಾ ಅಡುಗೆಮನೆಗೆ ಹೋದೆ. ಲೋಟ ತುಂಬುವಷ್ಟರಲ್ಲಿ ಸೈರನ್.

ನಾನು! ಚಿಲಕವನ್ನು ಮತ್ತೆ ಮತ್ತೆ ನೋಡುವ ನಾನು! ಓಡಿ ಬಂದು ಅಂಕಿ ಒತ್ತಿದೆ, ಅವಸರದಲ್ಲಿ ತಪ್ಪಾಯಿತು, ಮತ್ತೆ ಒತ್ತಿದೆ, ನಿಂತಿತು. ಅತ್ತೆಯ ಫೋನು ರಿಂಗಾಗುತ್ತಿತ್ತು. ಅದನ್ನು ಕಿತ್ತುಕೊಂಡು ಸ್ಪೀಕರಿಗೆ ಹಾಕಿ, ನನ್ನದೇ ತಪ್ಪು, ನಾನೇ ಹೇಳುತ್ತೇನೆ, ಪದ ನನಗೆ ಗೊತ್ತು ಎಂದು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬಡಬಡಿಸಿದೆ.

ಅದೇ ಹರ್ಷದಾ. "ಸಾರೀ ಮ್ಯಾಡಮ್. ಫಕ್ತ ಖಾತೇದಾರ. ಶಿವಕಾಂತಾ ಕಾಕೂ ಆಹೇತ ಕಾ? ಕೋಡ್ ವರ್ಡ್ ಸಾಂಗಾ." ಖಾತೆದಾರರು ಮಾತ್ರ, ಶಿವಕಾಂತಾ ಕಾಕೂ ಇದ್ದಾರಾ, ಪದ ಹೇಳಲಿ.

ನಾನು ಅತ್ತೆಯತ್ತ ನೋಡಿದೆ. ಅವರು ಇನ್ನೂ ಹೊಸ್ತಿಲಾಚೆ, ಬರಿಗಾಲಲ್ಲಿ ನಿಂತಿದ್ದರು. ಹಿಂದೆ ವಸಂತಿ ಮೌಶಿಯ ಮನೆಯ ಹೆಂಗಸರೆಲ್ಲ ಬಂದು ಸೇರಿದ್ದರು. ಮಶೀನು, ಸೀರೆಗಳು, ಟೆಂಪೋ, ಸಾಣಂದು, ಎಲ್ಲ ನನ್ನ ಕಣ್ಣ ಮುಂದೆ ಬಂತು. "ಹೇಳಬ್ಯಾಡ್ರಿ ಅತ್ತಿ, ಆಗದಿದ್ರ ಬಿಡ್ರಿ," ಎಂದೆ. ನಿಜವಾಗಿಯೂ ಹಾಗೇ ಎಂದೆ.

"ಕಾಕೂ? ಮಲಾ ವಿಚಾರಾವಂ ಲಾಗತಂ," ಎಂದಿತು ಫೋನು. ನಾನು ಕೇಳಲೇಬೇಕು, ಕಾಕೂ.

"ಕೇಳಾಕತ್ತಾರ," ಎಂದರು ಅತ್ತೆ. ನನಗಲ್ಲ, ಗೋಡೆಯ ಕಡೆಗೆ.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ, ನನ್ನ ಕೈಲಿದ್ದ ಫೋನಿಗೆ, ಸಣ್ಣ ಹುಡುಗಿಯ ದನಿಯಲ್ಲಿ ಹೇಳಿದರು:

"ಸೂಜಿಯ ಕಣ್ಣಾಗ ದಾರ, ದಾರದ ತುದಿಗೆ ಗಂಟು,
ಏಕನಾಥರ ಹೆಸರಿಗೂ ನನಗೂ ಹೊಸ್ತಿಲ ನಂಟು."

ಫೋನಿನಾಚೆ ಬೇರೆ ಬೇರೆ ಮನೆಗಳ ಕರೆಗಳ ಗಿಜಿಗಿಜಿ.

"ಉಖಾಣಾ!" ಎಂದರು ಹರ್ಷದಾ. ಮರಾಠಿಯಲ್ಲಿ ಒಡಪಿಗೆ ಅದೇ ಹೆಸರು. ಆಫೀಸಿನ ದನಿ ಹೋಗಿ ಮನೆಯ ದನಿ ಬಂದಿತ್ತು. ಪದ ಸರಿಹೊಂದಿದೆ, ಗಾರ್ಡುಗಳನ್ನು ಕಳಿಸುವುದಿಲ್ಲ ಎಂದರು. ಆಮೇಲೆ, "ಆಮಚ್ಯಾಕಡೇ ಪಣ ದಾರ ಅಡವತಾತ, ಕಾಕೂ," ಎಂದರು. ನಮ್ಮಲ್ಲೂ ಬಾಗಿಲು ಅಡ್ಡಗಟ್ಟುತ್ತಾರೆ.

"ನೀವೂ ಅಡ್ಡನೇ ಕಟ್ಟಿದ್ರಲ್ಲವಾ," ಎಂದರು ಅತ್ತೆ ಮರಾಠಿಯಲ್ಲೇ. ಇಬ್ಬರೂ ನಕ್ಕರು. ನಗುತ್ತ ನಗುತ್ತ ಅತ್ತೆಯ ಕಣ್ಣಿಂದ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲಿಲ್ಲ. ಹಿಂದಿನಿಂದ ವಸಂತಿ ಮೌಶಿ ಬಂದು ಅವರ ಭುಜ ಹಿಡಿದು, "ಶಿವಕ್ಕಾ, ನಾ ಭಾಳ ಕೆಟ್ಟಾಕಿ ನೋಡ್ರಿ," ಎಂದು ತಾವೂ ಅತ್ತರು.

ಆಮೇಲೆ ಅತ್ತೆ ನಲ್ಲಿಗೆ ಹೋಗಿ ಕಾಲು ತೊಳೆದು ಒಳಗೆ ಬಂದರು.

ವಿಕ್ರಮಣ್ಣನ ಫೋನು ಬಂದಾಗ ಎಲ್ಲವನ್ನೂ ಹೇಳಿದೆ, ಆ ಪದ ಯಾವುದೆಂದೂ ಹೇಳಿದೆ.

"ಅವ್ವನ ಬಾಯಾಗ ಅಪ್ಪನ ಹೆಸರು ನಾ ನನ್ನ ಲಗ್ನದಾಗ ಒಮ್ಮೆ ಕೇಳಿದ್ದೆ," ಎಂದ. "ನನಗರ ಯಾಕ ಹೊಳೀಲಿಲ್ಲ?" ಮೂಗು ಸೇದಿಕೊಂಡ. "ಇರಲಿ. ಟೆಂಪೋ ಗಿಂಪೋ ಏನಿಲ್ಲ. ಮಶೀನಿಗೆ ಎಣ್ಣಿ ಬಿಡಿಸು, ಭಾಳ ಸಪ್ಪಳ ಮಾಡ್ತದ ಅದು."

ನವೆಂಬರ್ 24

ನವಿಲು ಮುಗಿಯಿತು. ಅಂಬಾ ತೊಟ್ಟು ತೋರಿಸಿದಳು. ಸೀರೆ ವಾಪಸು ಒಯ್ದಿದ್ದ ಆ ತಾಯಿಯೂ ಬಂದರು. "ತಗೋಳಂಗಿಲ್ಲ ಅನ್ನಲೇನು?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು, ತೆಗೆದುಕೊಂಡರು.

ನವೆಂಬರ್ 27

ಅಸ್ತರುಗಳನ್ನು ಇಡಲು ಜಾಗ ಸಾಲದೆ ನನ್ನ ಸೂಟ್‌ಕೇಸ್ ಖಾಲಿ ಮಾಡಿ ಅತ್ತೆಗೆ ಕೊಟ್ಟೆ. ಬಟ್ಟೆಗಳು ಮಾವನ ಕಪಾಟಿನಲ್ಲಿ ಹಿಡಿಸಿದವು. ಬೆಳಿಗ್ಗೆ ಬ್ರಷ್ ಹುಡುಕಿದರೆ ಬಚ್ಚಲಿನ ಮಗ್ಗಿನಲ್ಲಿ ಅತ್ತೆಯ ಬ್ರಷ್ಷಿನ ಪಕ್ಕದಲ್ಲಿತ್ತು, ನಾನೇ ಯಾವಾಗಲೋ ಇಟ್ಟಿರಬೇಕು. ಹಾಸ್ಟೆಲ್ ಆಫೀಸಿನಿಂದ ಎರಡು ಮಿಸ್ಡ್ ಕಾಲ್. ನಾಳೆ ನೋಡಿದರಾಯಿತು, ಇವತ್ತು ಹುಕ್ಕು ಹಚ್ಚುವುದು ಬಹಳ ಇದೆ. ಫ್ರಿಜ್ಜಿನಲ್ಲಿದ್ದ ಶೇಂಗಾ ಹೋಳಿಗೆ ನಾನೇ ಮುಗಿಸಿದೆ. ಅತ್ತೆ ಕಳ್ಳಿ ಎಂದು ಬೈದರು.

ಡಿಸೆಂಬರ್ 1

ಪದ ಬದಲಾವಣೆಗೆ ಒಪ್ಪಿಗೆ ಬಂದಿದೆ. 'ಕತ್ತರಿ' ಖಚಿತಪಡಿಸಲು ಇಲ್ಲಿ ಒತ್ತಿ ಎಂದಿದೆ. ಅತ್ತೆಗೆ ತೋರಿಸಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಬ್ಯಾಡ, ಹಳೇದೇ ಇರಲಿ," ಎಂದರು. ಮಶೀನಿಗೆ ಬಾಬಿನ್ ಹಾಕುತ್ತ, ತಲೆ ಎತ್ತದೆ, "ಅವರು ತಿಂಗಳಿಗೊಮ್ಮೆ ಟೆಸ್ಟ್ ಮಾಡ್ತಾರಂತ ದೇವಾನಂದ ಹೇಳಿದ್ದನಲ್ಲ, ಆವಾಗ ಫೋನ್ ಮಾಡ್ತಾರೇನು?" ಎಂದು ಕೇಳಿದರು.

ಇಲ್ಲ, ಯಂತ್ರವೇ ಯಂತ್ರವನ್ನು ಪರೀಕ್ಷೆ ಮಾಡುತ್ತದೆ ಎಂದೆ.

"ಹೌದಾ," ಎಂದರು. ಅಷ್ಟೇ. ಆದರೆ ನಾನು ಈಗ ಕೇಳಿಸಿಕೊಳ್ಳುವುದನ್ನು ಕಲಿತಿದ್ದೇನೆ. ಕಂಪನಿಗೆ ಬರೆಯಬೇಕು. ಮೊದಲು ಇಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಿರುಗಿಸುತ್ತೇನೆ.

ಮಾನ್ಯರೇ, ಶಿವಕಾಂತಾ ಅವರ ಖಾತೆಯ ಗುರುತಿನ ಪದವನ್ನು ಬದಲಾಯಿಸುವುದು ಬೇಡ. ಹಳೆಯದನ್ನೇ ಉಳಿಸಿ. ಸಂಪರ್ಕದ ಹೆಸರುಗಳಲ್ಲಿ ನನ್ನ ಹೆಸರಿನ ಮುಂದೆ 'ತಾತ್ಕಾಲಿಕ' ಎಂದು ತಪ್ಪಾಗಿ ಬಿದ್ದಿದೆ, ಅದನ್ನು 'ಕುಟುಂಬ' ಎಂದು ತಿದ್ದಿ. ಇನ್ನೊಂದು ಕೋರಿಕೆ: ತಿಂಗಳ ಪರೀಕ್ಷೆಯ ದಿನ ಯಂತ್ರದ ಬದಲು ಯಾರಾದರೂ ಫೋನ್ ಮಾಡಿ ನಮ್ಮ ಅತ್ತೆಯಿಂದ ಆ ಪದವನ್ನು ಕೇಳಲು ಸಾಧ್ಯವೇ? ಹರ್ಷದಾ ಅವರಾದರೆ ಒಳ್ಳೆಯದು. ಉತ್ತರ ಎರಡು ಸಾಲು ಉದ್ದವಿರುತ್ತದೆ, ದಯವಿಟ್ಟು ನಡುವೆ ತಡೆಯಬೇಡಿ. ಈ ತಿಂಗಳ ಕರೆ ಯಾವ ದಿನ ಎಂದು ಅತ್ತೆ ಈಗಲೇ ಕೇಳುತ್ತಿದ್ದಾರೆ. ಬೇಗ ಉತ್ತರ ಬರೆಯಿರಿ.